ರಕ್ತನಾಳಗಳ ತೆರೆದ ಶಸ್ತ್ರಚಿಕಿತ್ಸೆ ಮತ್ತು ಕನಿಷ್ಠ ಛೇದನದ ಚಿಕಿತ್ಸೆ: ಆಸ್ಪತ್ರೆ ವೆಚ್ಚದ ಹೋಲಿಕೆ

ರಕ್ತನಾಳಗಳ ರೋಗಗಳಿಗೆ ಇಂದು ಎರಡು ಬಗೆಯ ಶಸ್ತ್ರಚಿಕಿತ್ಸೆ ಲಭ್ಯವಿದೆ. ದೇಹವನ್ನು ಕೊಯ್ದು, ರೋಗ ತಗುಲಿದ ನಾಳವನ್ನು ಕಣ್ಣೆದುರಿಗೆ ತಂದುಕೊಂಡು ಸರಿಪಡಿಸುವುದು ತೆರೆದ ಶಸ್ತ್ರಚಿಕಿತ್ಸೆ. ತೊಡೆಸಂದಿನಲ್ಲೋ ತೋಳಿನಲ್ಲೋ ಸೂಜಿಯಷ್ಟು ರಂಧ್ರ ಮಾಡಿ, ನಾಳದ ಒಳಗಿನಿಂದಲೇ ತಂತಿ, ಬಲೂನು, ಸ್ಟೆಂಟ್‌ಗಳನ್ನು ರೋಗದ ಜಾಗಕ್ಕೆ ಕಳುಹಿಸಿ ಮಾಡುವುದು ಕನಿಷ್ಠ ಛೇದನದ ಚಿಕಿತ್ಸೆ. ವೈದ್ಯರ ಭಾಷೆಯಲ್ಲಿ ಇದು ಎಂಡೋವ್ಯಾಸ್ಕುಲರ್ ಚಿಕಿತ್ಸೆ. ಜನರ ಬಾಯಲ್ಲಿ ಮೊದಲನೆಯದು ‘ಕೊಯ್ದು ಮಾಡುವ ಆಪರೇಷನ್’, ಎರಡನೆಯದು ‘ಸ್ಟೆಂಟ್ ಹಾಕುವುದು’ ಅಥವಾ, ಲೇಸರ್ ಬಳಸಲಿ ಬಳಸದಿರಲಿ, ‘ಲೇಸರ್ ಆಪರೇಷನ್’.

ಇವೆರಡರಲ್ಲಿ ಯಾವುದು ಅಗ್ಗ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ರೋಗ ಯಾವ ನಾಳದ್ದು, ಚಿಕಿತ್ಸೆ ಯಾವ ದೇಶದಲ್ಲಿ ನಡೆಯುತ್ತದೆ, ಲೆಕ್ಕವನ್ನು ಯಾವ ದಿನಕ್ಕೆ ನಿಲ್ಲಿಸಲಾಗುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಬಿಲ್ಲಿನಲ್ಲಿ ಅಗ್ಗವಾಗಿ ಕಂಡದ್ದು ಐದು ವರ್ಷದ ಲೆಕ್ಕದಲ್ಲಿ ದುಬಾರಿಯಾಗಬಹುದು. ಚಿತ್ರದುರ್ಗದಂತಹ ಜಿಲ್ಲೆಯ ರೋಗಿಗೆ ಈ ವ್ಯತ್ಯಾಸ ಬೆಂಗಳೂರಿನ ನಿವಾಸಿಗಿಂತ ಹೆಚ್ಚು ತಟ್ಟುತ್ತದೆ.

ಚಿಕಿತ್ಸೆಯ ಸ್ವರೂಪ

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಮೂರು ಕೆಲಸಗಳು ನಡೆಯುತ್ತವೆ: ಕಟ್ಟಿಕೊಂಡ ನಾಳವನ್ನು ಸೀಳಿ ಒಳಗಿನ ಕೊಬ್ಬಿನ ಪದರವನ್ನು ಕೆರೆದು ತೆಗೆಯುವುದು, ಕಟ್ಟಿಕೊಂಡ ಭಾಗವನ್ನು ಬಳಸಿಕೊಂಡು ಹೋಗುವಂತೆ ಬೇರೊಂದು ನಾಳವನ್ನು ಹೊಲಿಯುವುದು, ಅಂದರೆ ಬೈಪಾಸ್, ಉಬ್ಬಿ ತೆಳುವಾದ ನಾಳದ ಜಾಗದಲ್ಲಿ ಕೃತಕ ಕೊಳವೆಯನ್ನು ಕೂರಿಸುವುದು. ಹೊಟ್ಟೆಯ ಮಹಾಪಧಮನಿಯ ಶಸ್ತ್ರಚಿಕಿತ್ಸೆಯಾದರೆ ಪೂರ್ಣ ಅರಿವಳಿಕೆ, ಹಲವು ಬಾಟಲಿ ರಕ್ತದ ಸಿದ್ಧತೆ, ತೀವ್ರ ನಿಗಾ ಘಟಕದಲ್ಲಿ ಆರೈಕೆ, ವಾರದಷ್ಟು ಅಥವಾ ಅದಕ್ಕೂ ಹೆಚ್ಚಿನ ವಾಸ ಅನಿವಾರ್ಯ.

ಎಂಡೋವ್ಯಾಸ್ಕುಲರ್ ಚಿಕಿತ್ಸೆಗೆ ಬೇಕಾಗುವುದು ಕ್ಯಾಥ್ ಲ್ಯಾಬ್ ಅಥವಾ ಸಿ-ಆರ್ಮ್ ಯಂತ್ರವಿರುವ ಶಸ್ತ್ರಚಿಕಿತ್ಸಾ ಕೊಠಡಿ. ರಕ್ತಕ್ಕೆ ಅಯೋಡಿನ್ ಇರುವ ಬಣ್ಣದ್ರವವನ್ನು ಸೇರಿಸಿ, ಕ್ಷ-ಕಿರಣದ ಪರದೆಯ ಮೇಲೆ ನಾಳಗಳನ್ನು ನೋಡುತ್ತ ಕೆಲಸ ಮಾಡಲಾಗುತ್ತದೆ. ಅನೇಕ ವೇಳೆ ಸ್ಥಳೀಯ ಅರಿವಳಿಕೆ ಸಾಕು. ರೋಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು. ಆದರೆ ಈ ಬಣ್ಣದ್ರವ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಆದ್ದರಿಂದ ಮಧುಮೇಹದಿಂದ ಮೂತ್ರಪಿಂಡ ಈಗಾಗಲೇ ಸೊರಗಿರುವವರಲ್ಲಿ ‘ಸಣ್ಣ ರಂಧ್ರದ ಚಿಕಿತ್ಸೆ’ ಎಂಬ ಹೆಸರಿಗೆ ಮರುಳಾಗದೆ ವಿಚಾರಿಸಬೇಕಾಗುತ್ತದೆ.

ಇವೆರಡರ ನಡುವಿನ ಗಡಿ ಪಠ್ಯಪುಸ್ತಕದಲ್ಲಿರುವಷ್ಟು ಸ್ಪಷ್ಟವಲ್ಲ. ಅಮೆರಿಕದ ಥಾಮಸ್ ಫೋಗಾರ್ಟಿ 1963ರಲ್ಲಿ ಪ್ರಕಟಿಸಿದ ಬಲೂನು ನಳಿಕೆಯ ವಿಧಾನ ಇದಕ್ಕೆ ಉದಾಹರಣೆ. ತೊಡೆಸಂದಿನಲ್ಲಿ ಚಿಕ್ಕದಾಗಿ ಕೊಯ್ದು, ನಳಿಕೆಯನ್ನು ನಾಳದೊಳಕ್ಕೆ ತೂರಿಸಿ, ಹೆಪ್ಪುಗಟ್ಟಿದ ರಕ್ತದ ಆಚೆ ಬಲೂನನ್ನು ಉಬ್ಬಿಸಿ ಹೆಪ್ಪನ್ನು ಹೊರಗೆಳೆಯಲಾಗುತ್ತದೆ. ಕೊಯ್ಯುವುದರಿಂದ ಇದು ತೆರೆದ ಶಸ್ತ್ರಚಿಕಿತ್ಸೆ. ನಾಳದ ಒಳಗಿನಿಂದ ಕೆಲಸ ಮಾಡುವುದರಿಂದ ಎಂಡೋವ್ಯಾಸ್ಕುಲರ್. ಸ್ಟೆಂಟ್‌ಗಳಿಗೆ ಹೋಲಿಸಿದರೆ ನಳಿಕೆಯ ಬೆಲೆ ಅಲ್ಪ, ಉಳಿಯುವುದು ಇಡೀ ಕಾಲು.

ಇತಿಹಾಸ

ಪ್ಯಾರಿಸ್‌ನ ಜೀನ್ ಕುನ್ಲಿನ್ 1948ರಲ್ಲಿ ರೋಗಿಯದೇ ಕಾಲಿನ ಅಭಿಧಮನಿಯನ್ನು ಬಳಸಿ ತೊಡೆಯಿಂದ ಮೊಣಕಾಲಿನ ಹಿಂಭಾಗಕ್ಕೆ ಬೈಪಾಸ್ ಮಾಡಿದರು. ಅದೇ ನಗರದಲ್ಲಿ 1951ರಲ್ಲಿ ಚಾರ್ಲ್ಸ್ ದ್ಯುಬೋ ಹೊಟ್ಟೆಯ ಮಹಾಪಧಮನಿಯ ಉಬ್ಬನ್ನು ಕತ್ತರಿಸಿ ತೆಗೆದು, ದಾನಿಯ ನಾಳವನ್ನು ಜೋಡಿಸಿದರು. 1950ರ ದಶಕದಲ್ಲಿ ಅಮೆರಿಕದ ಮೈಕಲ್ ಡಿಬೇಕಿ ಡೇಕ್ರಾನ್ ಬಟ್ಟೆಯ ಕೃತಕ ನಾಳಗಳನ್ನು ರೂಢಿಗೆ ತಂದರು. ಮೊದಲ ಮಾದರಿಗಳನ್ನು ಅವರು ಮನೆಯ ಹೊಲಿಗೆ ಯಂತ್ರದಲ್ಲಿ ತಾವೇ ಹೊಲಿದಿದ್ದರು. ಈ ಸರಳ ಮೂಲವನ್ನು ನೆನಪಿನಲ್ಲಿಟ್ಟರೆ ತೆರೆದ ಶಸ್ತ್ರಚಿಕಿತ್ಸೆಯ ಸಾಮಗ್ರಿ ಇಂದಿಗೂ ಏಕೆ ತುಲನಾತ್ಮಕವಾಗಿ ಅಗ್ಗ ಎಂಬುದು ಅರ್ಥವಾಗುತ್ತದೆ.

ಒಳಮಾರ್ಗದ ಚಿಕಿತ್ಸೆಯ ಆರಂಭ 1964ರ ಜನವರಿ 16ರಂದು. ಅಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಿಕೊಳ್ಳಲು ಒಪ್ಪದ 82 ವರ್ಷದ ಮಹಿಳೆಯ ತೊಡೆಯ ಅಪಧಮನಿಯನ್ನು ನಳಿಕೆಗಳಿಂದ ಹಿಗ್ಗಿಸಿದರು. ಆಂಡ್ರಿಯಾಸ್ ಗ್ರುಂಟ್‌ಜಿಗ್ 1974ರಲ್ಲಿ ಬಲೂನು ವಿಧಾನವನ್ನು ಕಾಲಿನ ನಾಳಗಳಿಗೂ 1977ರಲ್ಲಿ ಹೃದಯದ ನಾಳಗಳಿಗೂ ಬಳಸಿದರು. ಉಕ್ರೇನಿನ ಖಾರ್ಕಿವ್‌ನಲ್ಲಿ 1987ರಲ್ಲಿ ನಿಕೊಲಾಯ್ ವೊಲೊದೊಸ್ ಎದೆಯ ಮಹಾಪಧಮನಿಗೂ, ಬ್ಯೂನಸ್ ಐರಿಸ್‌ನಲ್ಲಿ 1990ರಲ್ಲಿ ಹುವಾನ್ ಪರೋದಿ ಹೊಟ್ಟೆಯ ಮಹಾಪಧಮನಿಗೂ ಒಳಗಿನಿಂದಲೇ ಸ್ಟೆಂಟ್-ಗ್ರಾಫ್ಟ್ ಅಳವಡಿಸಿದರು.

ವೆಚ್ಚದ ಅಂಗಗಳು

ಎರಡು ವಿಧಾನಗಳ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹಣ ಬೇರೆ ಬೇರೆ ಕಡೆ ಹರಿಯುವುದು ಕಾಣುತ್ತದೆ. ತೆರೆದ ಶಸ್ತ್ರಚಿಕಿತ್ಸೆಯ ಖರ್ಚು ಮನುಷ್ಯರ ಮೇಲೆ ಮತ್ತು ಕಾಲದ ಮೇಲೆ ಬೀಳುತ್ತದೆ. ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ದಾದಿಯರು, ಐಸಿಯು ಹಾಸಿಗೆ, ರಕ್ತ, ವಾರ್ಡಿನ ವಾಸ ಎಲ್ಲವೂ ಇದರಲ್ಲಿ ಸೇರುತ್ತವೆ. ಎಂಡೋವ್ಯಾಸ್ಕುಲರ್ ಚಿಕಿತ್ಸೆಯ ಖರ್ಚಿನ ದೊಡ್ಡ ಪಾಲು ವಸ್ತುಗಳದು: ಒಮ್ಮೆ ಮಾತ್ರ ಬಳಸುವ ತಂತಿ, ನಳಿಕೆ, ಬಲೂನು, ಸ್ಟೆಂಟ್, ಬಣ್ಣದ್ರವ, ಜೊತೆಗೆ ಕೋಟ್ಯಂತರ ರೂಪಾಯಿಯ ಯಂತ್ರದ ಬಳಕೆಗೆ ತೆರುವ ಪಾಲು.

ದೇಶದಿಂದ ದೇಶಕ್ಕೆ ಹೋಲಿಕೆ ತಲೆಕೆಳಗಾಗಲು ಕಾರಣ ಇಲ್ಲಿದೆ. ದಾದಿಯರ ಸಂಬಳ, ಹಾಸಿಗೆಯ ದಿನದ ವೆಚ್ಚ ಹೆಚ್ಚಿರುವ ದೇಶದಲ್ಲಿ ಐದು ದಿನ ಮೊದಲೇ ಮನೆಗೆ ಹೋಗುವುದರಿಂದ ದೊಡ್ಡ ಉಳಿತಾಯವಾಗುತ್ತದೆ. ಭಾರತದಲ್ಲಿ ಹಾಸಿಗೆಯ ವೆಚ್ಚ ಬಲು ಕಡಿಮೆ, ಆದರೆ ಆಮದಾದ ಸಾಧನದ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಸುತ್ತಿನ ಪ್ರಕಾರ, ಹೆರಿಗೆಯನ್ನು ಬಿಟ್ಟು, ದೇಶದ ಗ್ರಾಮೀಣ ರೋಗಿಯೊಬ್ಬರು ಒಮ್ಮೆ ದಾಖಲಾದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,290 ರೂಪಾಯಿ, ಖಾಸಗಿ ಆಸ್ಪತ್ರೆಯಲ್ಲಿ 27,347 ರೂಪಾಯಿ ವೈದ್ಯಕೀಯ ವೆಚ್ಚ ಮಾಡಿದ್ದರು. ಮಹಾಪಧಮನಿಗೆ ಹಾಕುವ ಸ್ಟೆಂಟ್-ಗ್ರಾಫ್ಟ್ ಒಂದರ ಬೆಲೆಯೇ ಲಕ್ಷಗಳಲ್ಲಿದೆ. ಅದಕ್ಕೆ ಎದುರಾಗಿ ಕೆಲವು ದಿನಗಳ ವಾರ್ಡ್ ಬಾಡಿಗೆಯ ಉಳಿತಾಯ ತಕ್ಕಡಿಯನ್ನು ಬಾಗಿಸಲಾರದು.

ಮಹಾಪಧಮನಿಯ ಉಬ್ಬು

ಹೊಟ್ಟೆಯ ಮಹಾಪಧಮನಿಯ ಸಹಜ ವ್ಯಾಸ ಸುಮಾರು 2 ಸೆಂಟಿಮೀಟರ್. ಗೋಡೆ ದುರ್ಬಲವಾಗಿ ಅದು ಬಲೂನಿನಂತೆ ಉಬ್ಬಿದಾಗ ಅನ್ಯೂರಿಸಮ್ ಎನ್ನುತ್ತಾರೆ. ಪುರುಷರಲ್ಲಿ 5.5 ಸೆಂಟಿಮೀಟರ್ ತಲುಪಿದರೆ ಸಾಮಾನ್ಯವಾಗಿ ಚಿಕಿತ್ಸೆ ಸೂಚಿಸಲಾಗುತ್ತದೆ. ಎರಡು ವಿಧಾನಗಳ ವೆಚ್ಚವನ್ನು ಅತ್ಯಂತ ಶ್ರದ್ಧೆಯಿಂದ ಅಳೆದು ನೋಡಿರುವ ರೋಗಗಳಲ್ಲಿ ಇದೂ ಒಂದು.

ಬ್ರಿಟನ್ನಿನ ಇವಾರ್-1 ಪ್ರಯೋಗದ 2004ರ ವರದಿಯಲ್ಲಿ ಮೂವತ್ತು ದಿನಗಳೊಳಗಿನ ಸಾವು ಸ್ಟೆಂಟ್-ಗ್ರಾಫ್ಟ್ ಗುಂಪಿನಲ್ಲಿ ಶೇಕಡಾ 1.7, ತೆರೆದ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 4.7 ಇತ್ತು. ಅದೇ ವರ್ಷ ಪ್ರಕಟವಾದ ನೆದರ್‌ಲೆಂಡ್ಸ್‌ನ ಡ್ರೀಮ್ ಪ್ರಯೋಗದಲ್ಲಿ ಈ ಅಂಕಿಗಳು ಕ್ರಮವಾಗಿ 1.2 ಮತ್ತು 4.6. ಆರಂಭದ ಅಪಾಯ ತಗ್ಗುತ್ತದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಹಣದ ಲೆಕ್ಕ 2005ರಲ್ಲಿ ಬಂದಿತು. ನಾಲ್ಕು ವರ್ಷಗಳ ಸರಾಸರಿ ಆಸ್ಪತ್ರೆ ವೆಚ್ಚ ಸ್ಟೆಂಟ್-ಗ್ರಾಫ್ಟ್ ಗುಂಪಿನಲ್ಲಿ 13,257 ಪೌಂಡ್, ತೆರೆದ ಗುಂಪಿನಲ್ಲಿ 9,946 ಪೌಂಡ್. ವ್ಯತ್ಯಾಸ 3,311 ಪೌಂಡ್. ಸಾಧನದ ಬೆಲೆಯ ಜೊತೆಗೆ, ಜೀವನಪರ್ಯಂತ ನಡೆಸಬೇಕಾದ ತಪಾಸಣೆ ಮತ್ತು ಮರುಚಿಕಿತ್ಸೆಗಳು ಇದರ ಹಿಂದಿದ್ದವು. ಸ್ಟೆಂಟ್-ಗ್ರಾಫ್ಟ್ ತನ್ನ ಜಾಗದಿಂದ ಸರಿಯಬಹುದು, ಅದರ ಅಂಚಿನಿಂದ ರಕ್ತ ಉಬ್ಬಿನೊಳಕ್ಕೆ ಸೋರಬಹುದು. ಹದಿನೈದು ವರ್ಷಗಳ ಅನುಸರಣೆ 2016ರಲ್ಲಿ ಪ್ರಕಟವಾದಾಗ, ಆರಂಭದ ಬದುಕುಳಿಯುವಿಕೆಯ ಲಾಭ ಕರಗಿಹೋಗಿ, ದೀರ್ಘಕಾಲದಲ್ಲಿ ತೆರೆದ ಶಸ್ತ್ರಚಿಕಿತ್ಸೆಯೇ ಮೇಲೆನಿಸಿತು.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 881 ರೋಗಿಗಳ ಮೇಲೆ ನಡೆದ ಓವರ್ ಪ್ರಯೋಗ ಬೇರೆಯದೇ ಚಿತ್ರ ಕೊಟ್ಟಿತು. ಅಲ್ಲಿ ಗ್ರಾಫ್ಟ್‌ನ ಸರಾಸರಿ ಬೆಲೆ 14,052 ಡಾಲರ್, ತೆರೆದ ಶಸ್ತ್ರಚಿಕಿತ್ಸೆಯ ಗ್ರಾಫ್ಟ್‌ಗೆ 1,363 ಡಾಲರ್. ಆದರೆ ಆಸ್ಪತ್ರೆ ವಾಸ 10.5 ದಿನಗಳಿಂದ 5 ದಿನಗಳಿಗೆ ಇಳಿದದ್ದರಿಂದ ಆ ದಾಖಲಾತಿಯ ಒಟ್ಟು ವೆಚ್ಚ 42,970 ಡಾಲರ್ ಬದಲು 37,068 ಡಾಲರ್ ಆಯಿತು. ಸಾಧನಕ್ಕೆ 12,689 ಡಾಲರ್ ಹೆಚ್ಚು ತೆತ್ತರೂ ಬಿಲ್ಲು 5,902 ಡಾಲರ್ ಕಡಿಮೆ! ಎರಡು ವರ್ಷಗಳ ಒಟ್ಟು ಲೆಕ್ಕದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ‘ಸ್ಟೆಂಟ್ ಹಾಕಿಸಿದರೆ ಒಟ್ಟು ಖರ್ಚು ಕಡಿಮೆ’ ಎಂಬ ಮಾತಿಗೆ ಇಂತಹ ಲೆಕ್ಕಗಳೇ ಆಧಾರ. ಅಮೆರಿಕದ ಹಾಸಿಗೆ ದರ ಇಲ್ಲದ ಕಡೆ ಆ ಮಾತನ್ನು ಹಾಗೆಯೇ ಎತ್ತಿ ಆಡುವುದು ಸರಿಯಲ್ಲ.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2020ರಲ್ಲಿ, ಒಡೆಯದ ಉಬ್ಬಿಗೆ ತೆರೆದ ಶಸ್ತ್ರಚಿಕಿತ್ಸೆಯನ್ನು ಮೊದಲು ಪರಿಗಣಿಸಿ, ಅರಿವಳಿಕೆಯ ಅಪಾಯ ಅಥವಾ ಹೊಟ್ಟೆಯ ಇತರ ತೊಂದರೆ ಇರುವವರಲ್ಲಿ ಸ್ಟೆಂಟ್-ಗ್ರಾಫ್ಟ್ ಯೋಚಿಸುವಂತೆ ಸೂಚಿಸಿತು. ಉಬ್ಬು ಒಡೆದು ಬಂದ ತುರ್ತು ಸಂದರ್ಭಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಬ್ರಿಟನ್ನಿನದೇ ಇಂಪ್ರೂವ್ ಪ್ರಯೋಗದಲ್ಲಿ ಮೂರು ವರ್ಷಗಳ ಲೆಕ್ಕಕ್ಕೆ ಎಂಡೋವ್ಯಾಸ್ಕುಲರ್ ಮಾರ್ಗವೇ ಹಣಕ್ಕೆ ತಕ್ಕ ಫಲ ನೀಡಿತು.

ಕಾಲಿನ ಅಪಧಮನಿಗಳು

ಕರ್ನಾಟಕದ ಮಟ್ಟಿಗೆ ಹೆಚ್ಚು ಕುಟುಂಬಗಳನ್ನು ತಟ್ಟುವುದು ಮಹಾಪಧಮನಿಯ ಉಬ್ಬಲ್ಲ, ಕಾಲಿನ ನಾಳಗಳ ಕಟ್ಟುವಿಕೆ. ಮಧುಮೇಹ ಮತ್ತು ಬೀಡಿ-ಸಿಗರೇಟು ಇದರ ಮುಖ್ಯ ಕಾರಣಗಳು. ತಂಬಾಕು ಸೇದುವ ನಡುವಯಸ್ಸಿನೊಳಗಿನ ಪುರುಷರಲ್ಲಿ ಕಾಣಿಸುವ ಬರ್ಜರ್ ಕಾಯಿಲೆ ಪ್ರತ್ಯೇಕವಾದದ್ದು. ಅದರಲ್ಲಿ ಸಣ್ಣ ನಾಳಗಳೇ ಮುಚ್ಚಿಹೋಗುವುದರಿಂದ ಬೈಪಾಸನ್ನು ಕೊಂಡೊಯ್ದು ಜೋಡಿಸಲು ಜಾಗವೇ ಇಲ್ಲದಿರುವುದು ಸಾಮಾನ್ಯ. ಅಲ್ಲಿ ಮೊದಲ ಚಿಕಿತ್ಸೆ ಬೀಡಿ ಬಿಡುವುದು, ಅದಕ್ಕೆ ಬಿಲ್ಲಿಲ್ಲ.

ರೋಗದ ಆರಂಭದಲ್ಲಿ ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ನೋವು ಇಳಿಯುತ್ತದೆ. ಮುಂದೆ ಮಲಗಿದಾಗಲೂ ನೋವು, ಬೆರಳಿನಲ್ಲಿ ಮಾಯದ ಹುಣ್ಣು, ಕೊನೆಗೆ ಗ್ಯಾಂಗ್ರೀನ್. ಈ ಹಂತದಲ್ಲಿ ರಕ್ತಸಂಚಾರ ಮರಳಿಸದಿದ್ದರೆ ಕಾಲು ತೆಗೆಯಬೇಕಾಗುತ್ತದೆ. ಆದ್ದರಿಂದ ಇಲ್ಲಿ ವೆಚ್ಚದ ಹೋಲಿಕೆ ಬೈಪಾಸ್ ಮತ್ತು ಬಲೂನುಗಳಿಗೆ ಮುಗಿಯುವುದಿಲ್ಲ. ಕಾಲು ಕಳೆದುಕೊಳ್ಳುವುದು ಮೂರನೆಯ ಸಾಧ್ಯತೆ. ಆಸ್ಪತ್ರೆಯ ಬಿಲ್ಲಿನ ಮಟ್ಟಿಗೆ ಹಲವು ವೇಳೆ ಅದೇ ಎಲ್ಲಕ್ಕಿಂತ ಅಗ್ಗ, ಬದುಕಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ. ಕಡಲೆಕಾಯಿ ಹೊಲದಲ್ಲಿ ಬಗ್ಗಿ ದುಡಿಯುವವರು, ಅಡಿಕೆ ಮರ ಹತ್ತುವವರು, ದಿನವಿಡೀ ಅಂಗಡಿಯಲ್ಲಿ ನಿಲ್ಲುವವರು ಒಂದು ಕಾಲು ಕಳೆದುಕೊಂಡರೆ ಮನೆಯ ಆದಾಯ ಅಲ್ಲಿಗೇ ನಿಲ್ಲಬಹುದು. ಈ ನಷ್ಟ ಯಾವ ಆಸ್ಪತ್ರೆಯ ಲೆಕ್ಕಪುಸ್ತಕದಲ್ಲೂ ನಮೂದಾಗುವುದಿಲ್ಲ.

ಬೇಸಿಲ್ ಎಂಬ ಬ್ರಿಟಿಷ್ ಪ್ರಯೋಗ 452 ರೋಗಿಗಳಲ್ಲಿ ‘ಮೊದಲು ಬೈಪಾಸ್’ ಮತ್ತು ‘ಮೊದಲು ಬಲೂನು’ ನೀತಿಗಳನ್ನು ಹೋಲಿಸಿ 2005ರಲ್ಲಿ ವರದಿ ಮಾಡಿತು. ಕಾಲು ಉಳಿದು ಜೀವಂತವಾಗಿರುವ ಪ್ರಮಾಣ ಎರಡರಲ್ಲೂ ಹತ್ತಿರಹತ್ತಿರವಾಗಿತ್ತು. ಮೊದಲ ವರ್ಷದ ಆಸ್ಪತ್ರೆ ವೆಚ್ಚ ಬೈಪಾಸ್ ಗುಂಪಿನಲ್ಲಿ ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು. ಮೂರು ವರ್ಷಗಳ ಲೆಕ್ಕದಲ್ಲಿ ಅಂತರ ಕುಗ್ಗಿತು, ಏಕೆಂದರೆ ಬಲೂನಿನಿಂದ ತೆರೆದ ನಾಳಗಳಲ್ಲಿ ಹಲವು ಮತ್ತೆ ಕಟ್ಟಿಕೊಂಡು, ರೋಗಿಗಳು ಆಸ್ಪತ್ರೆಗೆ ಮರಳಿದರು.

ನಂತರದ ಎರಡು ದೊಡ್ಡ ಪ್ರಯೋಗಗಳು ಪರಸ್ಪರ ಒಪ್ಪುವುದಿಲ್ಲ. 2022ರ ಬೆಸ್ಟ್-ಸಿಎಲ್‌ಐ 1,830 ರೋಗಿಗಳನ್ನು ಒಳಗೊಂಡಿತ್ತು. ಬೈಪಾಸಿಗೆ ಯೋಗ್ಯವಾದ ಸ್ವಂತ ಅಭಿಧಮನಿ ಇದ್ದ 1,434 ಮಂದಿಯಲ್ಲಿ ಕಾಲಿಗೆ ಸಂಬಂಧಿಸಿದ ಗಂಭೀರ ಘಟನೆ ಅಥವಾ ಸಾವು ಬೈಪಾಸ್ ಗುಂಪಿನಲ್ಲಿ ಶೇಕಡಾ 42.6, ಎಂಡೋವ್ಯಾಸ್ಕುಲರ್ ಗುಂಪಿನಲ್ಲಿ ಶೇಕಡಾ 57.4. ಅಂತಹ ಅಭಿಧಮನಿ ಇಲ್ಲದವರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮರುವರ್ಷದ ಬೇಸಿಲ್-2ರಲ್ಲಿ, ಮೊಣಕಾಲಿನ ಕೆಳಗಿನ ನಾಳಗಳ ರೋಗವಿದ್ದ 345 ಮಂದಿಯಲ್ಲಿ ಅಂಗಚ್ಛೇದನ ಅಥವಾ ಸಾವು ಬೈಪಾಸ್ ಗುಂಪಿನಲ್ಲಿ ಶೇಕಡಾ 63, ಎಂಡೋವ್ಯಾಸ್ಕುಲರ್ ಗುಂಪಿನಲ್ಲಿ ಶೇಕಡಾ 53. ರೋಗಿಗಳ ಆಯ್ಕೆ, ರೋಗದ ಜಾಗ ಮತ್ತು ಅಳೆದ ಫಲಿತಾಂಶ ಎರಡರಲ್ಲೂ ಬೇರೆಯಾಗಿದ್ದವು.

ಭಾರತದ ಓದುಗರು ಇದರಿಂದ ಗಮನಿಸಬೇಕಾದ ಅಂಶವೊಂದಿದೆ. ಬೈಪಾಸಿಗೆ ಬಳಸುವ ಅತ್ಯುತ್ತಮ ವಸ್ತು ರೋಗಿಯ ಸ್ವಂತ ಕಾಲಿನ ಅಭಿಧಮನಿ, ಅದಕ್ಕೆ ಬೆಲೆಯೇ ಇಲ್ಲ. ಬಲೂನು, ಔಷಧಲೇಪಿತ ಬಲೂನು, ಉದ್ದನೆಯ ಸ್ಟೆಂಟ್ ಎನ್ನುತ್ತ ಸಾಧನಗಳ ಸಂಖ್ಯೆ ಏರಿದಂತೆ ಎಂಡೋವ್ಯಾಸ್ಕುಲರ್ ಬಿಲ್ಲು ಏರುತ್ತ ಹೋಗುತ್ತದೆ. ಒಂದೇ ಜಾಗದ ಸಣ್ಣ ಕಟ್ಟುವಿಕೆಗೆ ಒಂದು ಬಲೂನು ಸಾಕಾದರೆ ಅದಕ್ಕಿಂತ ಅಗ್ಗದ ಮಾರ್ಗ ಬೇರೆ ಇಲ್ಲ. ಮೂರು ನಾಳಗಳಲ್ಲಿ ಉದ್ದಕ್ಕೂ ರೋಗವಿದ್ದರೆ ಲೆಕ್ಕ ಅತ್ತಿಂದಿತ್ತ ಹೊರಳಬಹುದು.

ವೆರಿಕೋಸ್ ವೇನ್ಸ್

ಕಾಲಿನ ಅಭಿಧಮನಿಗಳು ಹುರಿಗಟ್ಟಿ ಉಬ್ಬುವ ಈ ತೊಂದರೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡುವವರಲ್ಲಿ ಸಾಮಾನ್ಯ. ಬಸ್ ನಿರ್ವಾಹಕರು, ಹೋಟೆಲ್ ಕೆಲಸಗಾರರು, ಶಾಲಾ ಶಿಕ್ಷಕರು ಈ ಸಾಲಿನವರು. ಹಳೆಯ ವಿಧಾನದಲ್ಲಿ ತೊಡೆಸಂದಿನಲ್ಲಿ ನಾಳವನ್ನು ಕಟ್ಟಿ ಎಳೆದು ತೆಗೆಯುತ್ತಾರೆ. ಇದನ್ನು ಜಿಲ್ಲಾ ಮಟ್ಟದ ಸಾಮಾನ್ಯ ಶಸ್ತ್ರಚಿಕಿತ್ಸಕರೂ ಮಾಡಬಲ್ಲರು. ಹೊಸ ವಿಧಾನದಲ್ಲಿ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಬ್ರಿಟನ್ನಿನ ಕ್ಲಾಸ್ ಪ್ರಯೋಗದ ಐದು ವರ್ಷಗಳ ಫಲಿತಾಂಶ 2019ರಲ್ಲಿ ಪ್ರಕಟವಾಗಿ, ಅಲ್ಲಿನ ದರಗಳ ಲೆಕ್ಕದಲ್ಲಿ ಲೇಸರ್ ಹಣಕ್ಕೆ ತಕ್ಕ ಆಯ್ಕೆ ಎಂದು ಕಂಡುಬಂದಿತು. ಇಲ್ಲಿ ಬಳಸುವ ಲೇಸರ್ ತಂತು ಸ್ಟೆಂಟ್-ಗ್ರಾಫ್ಟ್‌ನಷ್ಟು ದುಬಾರಿಯಲ್ಲ. ಬೇಗ ಕೆಲಸಕ್ಕೆ ಮರಳುವುದರಿಂದ ಉಳಿಯುವ ಕೂಲಿಯನ್ನೂ ಸೇರಿಸಿದರೆ ಕನಿಷ್ಠ ಛೇದನದ ಪರವಾದ ವಾದ ಈ ರೋಗದಲ್ಲಿ ಹೆಚ್ಚು ಗಟ್ಟಿ.

ಭಾರತದಲ್ಲಿ ಸಾಧನಗಳ ಬೆಲೆ

ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು: ಲೋಹದ ಸಾಮಾನ್ಯ ಸ್ಟೆಂಟ್‌ಗೆ 7,260 ರೂಪಾಯಿ, ಔಷಧಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ, ತೆರಿಗೆ ಪ್ರತ್ಯೇಕ. ಅದಕ್ಕೆ ಮೊದಲು ಔಷಧಲೇಪಿತ ಸ್ಟೆಂಟ್‌ಗೆ ಲಕ್ಷ ರೂಪಾಯಿ ಮೀರಿ ತೆರುತ್ತಿದ್ದವರಿದ್ದರು. ಈ ಆದೇಶ ಹೃದಯದ ಸ್ಟೆಂಟ್‌ಗಳಿಗೆ ಸಂಬಂಧಿಸಿದ್ದು. ಕಾಲಿನ ನಾಳದ ಸ್ಟೆಂಟ್, ಮಹಾಪಧಮನಿಯ ಸ್ಟೆಂಟ್-ಗ್ರಾಫ್ಟ್ ಅದರ ವ್ಯಾಪ್ತಿಗೆ ಬರಲಿಲ್ಲ. ‘ಸ್ಟೆಂಟ್ ಬೆಲೆ ಇಳಿದಿದೆಯಲ್ಲ’ ಎಂದುಕೊಂಡು ಆಸ್ಪತ್ರೆಗೆ ಹೋದ ಕಾಲಿನ ರೋಗಿ ಬಿಲ್ಲು ನೋಡಿ ಗೊಂದಲಕ್ಕೆ ಬೀಳುವುದು ಇದರಿಂದಲೇ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಕಾನೂನಿನ ದೃಷ್ಟಿಯಲ್ಲಿ ಔಷಧವೆಂದು ಪರಿಗಣಿಸಲಾಗಿದ್ದು, ಮುದ್ರಿತ ಗರಿಷ್ಠ ಮಾರಾಟ ಬೆಲೆಯನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಇದು ಏರಿಕೆಗೆ ಹಾಕಿದ ಕಡಿವಾಣ, ಮೂಲ ಬೆಲೆಗಲ್ಲ.

ಕರ್ನಾಟಕದ ಆರೋಗ್ಯ ಯೋಜನೆಗಳು

ಸಹಕಾರಿ ಸಂಘಗಳ ಸದಸ್ಯ ರೈತರಿಗಾಗಿ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ದುಬಾರಿ ಚಿಕಿತ್ಸೆಗೆಂದು ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾಗಿ, ಬೆಳಗಾವಿ ವಿಭಾಗಕ್ಕೆ ಹರಡಿ, ಅನಂತರ ರಾಜ್ಯದ ಉಳಿದ ಭಾಗಕ್ಕೆ ಬಂದಿತು. ಬೆಂಗಳೂರು ವಿಭಾಗಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆ ಆ ಕೊನೆಯ ಸರದಿಯದು. ಯೋಜನೆಯನ್ನು ನಿರ್ವಹಿಸಿದ್ದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

2018ರ ಮಾರ್ಚ್‌ನಲ್ಲಿ ಹಲವು ಯೋಜನೆಗಳನ್ನು ಒಗ್ಗೂಡಿಸಿ ಆರೋಗ್ಯ ಕರ್ನಾಟಕ ರೂಪುಗೊಂಡಿತು. ಅದೇ ವರ್ಷದ ಕೊನೆಯಲ್ಲಿ ಕೇಂದ್ರದ ಯೋಜನೆಯೊಂದಿಗೆ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎನಿಸಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭಗಳನ್ನು ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ಇದರಲ್ಲಿ ವಿಲೀನವಾಗಿದ್ದ ಯಶಸ್ವಿನಿಯನ್ನು 2022ರಲ್ಲಿ ಮತ್ತೆ ಪ್ರತ್ಯೇಕವಾಗಿ ಘೋಷಿಸಿ, 2023ರಿಂದ ಜಾರಿಗೊಳಿಸಲಾಯಿತು.

ಪ್ಯಾಕೇಜ್ ಎಂದರೆ ಒಂದು ಚಿಕಿತ್ಸೆಗೆ ಆಸ್ಪತ್ರೆಗೆ ಸಲ್ಲುವ ನಿಗದಿತ ಮೊತ್ತ. ಈ ವ್ಯವಸ್ಥೆಯಲ್ಲಿ ಹಾಸಿಗೆಯ ದಿನಗಳು ಹೆಚ್ಚಾದರೆ ನಷ್ಟ ಆಸ್ಪತ್ರೆಯದು, ರೋಗಿಯದಲ್ಲ. ಹೀಗಾಗಿ ಕಾರ್ಡು ಹಿಡಿದು ಹೋಗುವ ಬಡ ರೋಗಿಗೆ ದಾಖಲಾತಿಯ ಅವಧಿಯ ಮಟ್ಟಿಗೆ ಎರಡು ವಿಧಾನಗಳ ವೆಚ್ಚದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಾಣುವುದು ಆಮೇಲೆ. ಕೇಂದ್ರದ ಯೋಜನೆಯ ನಿಯಮದಲ್ಲಿ ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಪರೀಕ್ಷೆ, ಔಷಧಗಳು ಪ್ಯಾಕೇಜಿನೊಳಗೆ ಸೇರುತ್ತವೆ. ಸ್ಟೆಂಟ್-ಗ್ರಾಫ್ಟ್ ಹಾಕಿಸಿಕೊಂಡವರ ಮೊದಲ ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಒಂದು ತಿಂಗಳಿಗೆ. ಅಂದರೆ ಅದು ಹದಿನೈದು ದಿನಗಳ ಆಚೆಗೆ ಬೀಳುತ್ತದೆ. ಅದಕ್ಕೆ ಪ್ರತ್ಯೇಕ ಅನುಸರಣಾ ಪ್ಯಾಕೇಜ್ ಸಿಗದಿದ್ದರೆ ಕೈಯಿಂದ ತೆರಬೇಕು.

ಚಿತ್ರದುರ್ಗ ಜಿಲ್ಲೆಯ ಸಂದರ್ಭ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಎಂಬ ಆರು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ಜಿಲ್ಲಾ ಆಸ್ಪತ್ರೆ, ಖಾಸಗಿ ವಲಯದ ಬಸವೇಶ್ವರ ವೈದ್ಯಕೀಯ ಕಾಲೇಜು ಮತ್ತು 2023ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. ರಕ್ತನಾಳದ ಕಠಿಣ ಚಿಕಿತ್ಸೆಗೆ ಜನರು ಹೊರಗೆ ಹೋಗುವುದು ರೂಢಿ. ಜಿಲ್ಲಾ ಕೇಂದ್ರದಿಂದ ಸುಮಾರು 60 ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರು ಸುಮಾರು 200 ಕಿಲೋಮೀಟರ್. ಹೊಳಲ್ಕೆರೆಯವರು ದಾವಣಗೆರೆಯತ್ತ ಹೋಗುವುದು ಸುಲಭ. ಹೆದ್ದಾರಿಯ ಮೇಲೆ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ಹತ್ತಿರವಿರುವ ಹಿರಿಯೂರಿನವರು ರಾಜಧಾನಿಯ ಬಸ್ಸು ಹತ್ತುತ್ತಾರೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ, ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿರುವ ಜೈನ್ ರಕ್ತನಾಳ ವಿಜ್ಞಾನ ಸಂಸ್ಥೆ ಇಂತಹ ರೋಗಗಳಿಗೆ ಹೆಸರಾದ ಕೇಂದ್ರಗಳು.

ದೂರ ಎಂಬುದು ಎರಡು ವಿಧಾನಗಳ ಲೆಕ್ಕವನ್ನು ಎರಡು ಬಗೆಯಲ್ಲಿ ಬದಲಿಸುತ್ತದೆ. ತೆರೆದ ಶಸ್ತ್ರಚಿಕಿತ್ಸೆಯಾದರೆ ರೋಗಿಯ ಜೊತೆಗಿರುವ ಮಗನೋ ಸೊಸೆಯೋ ಹತ್ತು ಹನ್ನೆರಡು ದಿನ ಬೆಂಗಳೂರಿನಲ್ಲಿ ಉಳಿಯಬೇಕು. ಊಟ, ಕೊಠಡಿ, ತಪ್ಪಿದ ಕೂಲಿ ಎಲ್ಲ ಒಮ್ಮೆಗೇ ಬೀಳುವ ಹೊರೆ. ಸ್ಟೆಂಟ್-ಗ್ರಾಫ್ಟ್ ಆದರೆ ಆ ಹೊರೆ ಹಗುರ, ಆದರೆ ಕಂತಿನಲ್ಲಿ ಬರುತ್ತದೆ. ಒಂದು ತಿಂಗಳಿಗೆ, ಒಂದು ವರ್ಷಕ್ಕೆ, ಅನಂತರ ವರ್ಷಕ್ಕೊಮ್ಮೆ ತಪಾಸಣೆ ಎಂದರೆ ಐದು ವರ್ಷದಲ್ಲಿ ಆರು ಭೇಟಿ. ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗಿಬರಲು 400 ಕಿಲೋಮೀಟರ್. ಆರು ಬಾರಿಗೆ 2,400 ಕಿಲೋಮೀಟರ್, ಅದೂ ಇಬ್ಬರಿಗೆ. ‘ಈಗ ಆರಾಮಾಗಿದ್ದೀನಲ್ಲ, ಮತ್ತೇಕೆ ಹೋಗುವುದು’ ಎಂದು ಎರಡನೆಯ ವರ್ಷಕ್ಕೇ ಭೇಟಿ ನಿಲ್ಲಿಸಿದರೆ, ಸೋರಿಕೆ ಗೊತ್ತಾಗದೆ ಉಬ್ಬು ಒಡೆಯುವ ಅಪಾಯವಿದೆ. ಆದ್ದರಿಂದ ತಪಾಸಣೆಗೆ ಮರಳಿ ಬರುವುದು ಕಷ್ಟವಾದ ರೋಗಿ, ಶಸ್ತ್ರಚಿಕಿತ್ಸೆಯನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿದ್ದರೆ, ಒಮ್ಮೆ ಮಾಡಿ ಮುಗಿಸುವ ತೆರೆದ ವಿಧಾನ ಅವರಿಗೆ ಹೆಚ್ಚು ಸೂಕ್ತವಾಗಬಹುದು. ಈ ವಿಷಯವನ್ನು ವೈದ್ಯರೆದುರು ರೋಗಿಯ ಕಡೆಯವರೇ ಎತ್ತಬೇಕಾಗುತ್ತದೆ. ಸ್ಕ್ಯಾನ್ ಚಿತ್ರದಲ್ಲಿ ನಾಳ ಕಾಣುತ್ತದೆಯೇ ಹೊರತು ಹೊಸದುರ್ಗದ ಕೊನೆಯ ಬಸ್ಸಿನ ವೇಳೆ ಕಾಣುವುದಿಲ್ಲ. ಸ್ಕ್ಯಾನನ್ನು ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಮಾಡಿಸಿ ಚಿತ್ರಗಳನ್ನು ಕಳುಹಿಸಬಹುದೇ ಎಂದು ಮೊದಲೇ ಕೇಳಿಟ್ಟುಕೊಂಡರೆ ಕೆಲವು ಪ್ರಯಾಣಗಳು ಉಳಿಯಬಹುದು.

ಹಠಾತ್ತನೆ ಕಾಲಿನ ನಾಳ ಕಟ್ಟಿಕೊಂಡಾಗ ಲೆಕ್ಕಾಚಾರಕ್ಕೆ ಸಮಯವೇ ಇರುವುದಿಲ್ಲ. ಕಾಲು ತಣ್ಣಗಾಗಿ, ಬಿಳಿಚಿ, ನೋವಿನ ನಂತರ ಮರಗಟ್ಟಿದರೆ ಸುಮಾರು ಆರು ಗಂಟೆಗಳೊಳಗೆ ರಕ್ತಸಂಚಾರ ಮರಳಬೇಕು. ಹೊಸದುರ್ಗದ ಹಳ್ಳಿಯೊಂದರಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚಿತ್ರದುರ್ಗ, ಅಲ್ಲಿಂದ ಬೆಂಗಳೂರು ಎಂದು ಸಾಗುವಷ್ಟರಲ್ಲಿ ಈ ಅವಧಿ ಮುಗಿದುಹೋಗಬಲ್ಲದು. ಮೇಲೆ ಹೇಳಿದ ಫೋಗಾರ್ಟಿ ವಿಧಾನಕ್ಕೆ ಕ್ಯಾಥ್ ಲ್ಯಾಬ್ ಕಡ್ಡಾಯವಲ್ಲ. ತರಬೇತಿ ಪಡೆದ ಶಸ್ತ್ರಚಿಕಿತ್ಸಕರಿದ್ದರೆ ಸ್ಥಳೀಯ ಅರಿವಳಿಕೆಯಲ್ಲಿ ಹತ್ತಿರದ ಆಸ್ಪತ್ರೆಯಲ್ಲೇ ಮಾಡಬಹುದು. ಇಲ್ಲಿ ಹತ್ತಿರದ ಹಳೆಯ ವಿಧಾನ ದೂರದ ಹೊಸ ವಿಧಾನಕ್ಕಿಂತ ಅಗ್ಗವೂ ಹೌದು, ಉಪಯುಕ್ತವೂ ಹೌದು.

ದರಪಟ್ಟಿ ಮತ್ತು ಅಂದಾಜು ಬಿಲ್ಲು

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆಗಳು ತಮ್ಮ ದರಗಳನ್ನು ಪ್ರದರ್ಶಿಸಬೇಕು. 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತರುವಾಗ ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿ ಮಾಡುವ ಪ್ರಸ್ತಾವವಿತ್ತು. ನವೆಂಬರ್‌ನಲ್ಲಿ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಅಂಗೀಕಾರವಾದ ರೂಪದಲ್ಲಿ ಸರ್ಕಾರದ ದರನಿಗದಿ ಸರ್ಕಾರಿ ಯೋಜನೆಗಳಡಿಯ ಚಿಕಿತ್ಸೆಗಳಿಗೆ ಸೀಮಿತವಾಯಿತು. ರೋಗಿಗಳ ಹಕ್ಕುಪಟ್ಟಿ ಮತ್ತು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಹಾಗೂ ಕುಂದುಕೊರತೆ ಪ್ರಾಧಿಕಾರ ಉಳಿದುಕೊಂಡವು.

ಯೋಜನೆಯ ಹೊರಗೆ ಹಣ ತೆತ್ತು ಚಿಕಿತ್ಸೆ ಪಡೆಯುವವರು ಎರಡೂ ವಿಧಾನಗಳಿಗೆ ಲಿಖಿತ ಅಂದಾಜು ಪಟ್ಟಿ ಕೇಳುವುದು ಒಳ್ಳೆಯದು. ಅಂದಾಜಿನಲ್ಲಿ ಸಾಧನಗಳ ಬೆಲೆ ಸೇರಿದೆಯೇ, ಎಷ್ಟು ಬಲೂನು ಮತ್ತು ಸ್ಟೆಂಟ್‌ಗಳಿಗೆ ಅದು ಅನ್ವಯಿಸುತ್ತದೆ, ನಡುವೆ ಹೆಚ್ಚುವರಿ ಸ್ಟೆಂಟ್ ಬೇಕಾದರೆ ಯಾರನ್ನು ಕೇಳಿ ನಿರ್ಧರಿಸಲಾಗುತ್ತದೆ, ಒಳಮಾರ್ಗ ವಿಫಲವಾಗಿ ತೆರೆದ ಶಸ್ತ್ರಚಿಕಿತ್ಸೆಗೆ ಹೊರಳಬೇಕಾದರೆ ಬಿಲ್ಲು ಹೇಗೆ ಲೆಕ್ಕವಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಅದರಲ್ಲಿರಬೇಕು. ಅಳವಡಿಸಿದ ಪ್ರತಿ ಸ್ಟೆಂಟ್‌ನ ಪೊಟ್ಟಣದ ಮೇಲೆ ಕಂಪನಿ, ಅಳತೆ ಹಾಗೂ ತಂಡದ ಸಂಖ್ಯೆಯ ಅಂಟುಚೀಟಿ ಇರುತ್ತದೆ. ಅದನ್ನು ಬಿಡುಗಡೆ ಪತ್ರಕ್ಕೆ ಅಂಟಿಸಿಕೊಟ್ಟಿದ್ದರೆ ಬಿಲ್ಲಿನಲ್ಲಿರುವ ಸಂಖ್ಯೆಯೊಂದಿಗೆ ತಾಳೆ ನೋಡಬಹುದು. ಮುಂದೆ ಬೇರೆ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋದಾಗಲೂ ಅಲ್ಲಿನ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.